ಗಾಜಿನ ಮೇಲಿನ ಪ್ರಯಾಣಿಕರು

2025ರ ನವೆಂಬರ್ 3, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ಅರವತ್ತು ದಾಟಿದ ವಯಸ್ಸು, ತಲೆಯ ಮೇಲೆ ಬೂದುಬಣ್ಣದ ದುಪಟ್ಟಾ. ಮುಖ ಗಟ್ಟಿಯಾಗಿತ್ತು. ರಾಜ್ಯೋತ್ಸವದ ಬಂದೋಬಸ್ತಿನಲ್ಲಿ ಎರಡು ದಿನ ನಿಂತೇ ಕಳೆದಿದ್ದ ಇನ್‌ಸ್ಪೆಕ್ಟರ್ ಮಾಲಾ, ಬೆಳಗಿನಿಂದ ಮೆರವಣಿಗೆಯಲ್ಲಿ ಕಳೆದ ಮೊಬೈಲುಗಳ ದೂರನ್ನೇ ಕೇಳುತ್ತ ಕುಳಿತಿದ್ದಳು. ಇದೂ ಅಂಥದ್ದೇ ಇರಬೇಕೆಂದು ಕಾಗದ ತೆಗೆದುಕೊಂಡವಳು ಎರಡನೇ ಸಾಲಿನಲ್ಲಿ ನಿಂತಳು.

"ಚೀನೀ ಪ್ರಯಾಣಿಕರ ಫೋಟೊ?"

"ಹೌದ್ರಿ. ಗಾಜಿನ ಮ್ಯಾಲಿನ ಫೋಟೊ. ಪೆಟಗಿ ಸಮೇತ ಹೋಗ್ಯಾವ."

"ಎಲ್ಲಿಂದ?"

"ರಾಮತೀರ್ಥ ನಗರದಾಗ, ನಮ್ಮ ಮನಿಯಿಂದ. ಶನಿವಾರ ಖಾನಾಪುರಕ್ಕ ತಂಗಿ ಮಗಳ ನಿಕಾಹ್‌ಗೆ ಹೋಗಿದ್ದೆ. ನಿನ್ನೆ ಸಂಜಿಮುಂದ ಬಂದು ನೋಡಿದರ ಕ್ವಾಣ್ಯಾಗ ಪೆಟಗಿನ ಇಲ್ಲ."

"ಬಂಗಾರ? ರೊಕ್ಕ?"

"ಎಲ್ಲಾ ಇದ್ದಲ್ಲೇ ಐತಿ. ಅದಕ್ಕ ಅಂಜಿಕಿ ಬರಾಕತ್ತೈತಿ ನನಗ."

ಹೆಡ್ ಕಾನ್‌ಸ್ಟೇಬಲ್ ಗುರುಸಿದ್ದ ಒಳಗೆ ಬಂದವನು ಅವರನ್ನು ನೋಡಿ ಕುರ್ಚಿ ಎಳೆದುಕೊಟ್ಟ. "ಕುಂದರ್ರಿ ಅಕ್ಕೋರ." ಮಾಲಾಳ ಕಡೆ ತಿರುಗಿ, "ಗುಲಶನ ಅಕ್ಕೋರು, ಮೇಡಂ. ನಮ್ಮ ತಂಗಿಗೆ ಹೈಸ್ಕೂಲಿನ್ಯಾಗ ಇತಿಹಾಸ ಕಲಿಸ್ಯಾರ" ಎಂದ.

ಮಧ್ಯಾಹ್ನದೊಳಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ, ವಾಸದ ಮನೆಯಲ್ಲಿ ಕಳ್ಳತನವೆಂದು ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ಕಾಲಮ್ಮಿನಲ್ಲಿ ಗುರುಸಿದ್ದ ಬರೆದ: 'ಗಾಜಿನ ಫೋಟೊ ನೆಗೆಟಿವ್ ಫಲಕಗಳು, ಸುಮಾರು ತೊಂಬತ್ತು, ಸಾಗವಾನಿ ಪೆಟ್ಟಿಗೆಯೊಂದಿಗೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್, ಒಂದು.' ಬೆಲೆಯ ಜಾಗದಲ್ಲಿ ಏನು ಬರೆಯಬೇಕೆಂದು ಯಾರಿಗೂ ತೋಚದೆ ಅದನ್ನು ಹಾಗೆಯೇ ಬಿಟ್ಟರು.

ಸ್ಥಳ ಪಂಚನಾಮೆಗೆ ಸಾಕ್ಷಿಗಳಾಗಿ ಇಬ್ಬರು ಪಂಚರು ಬೇಕಾಗಿತ್ತು. ಎದುರು ಮನೆಯ ಬಾಳಾಸಾಹೇಬ ಕರೆಯುವ ಮೊದಲೇ ಬಂದು ನಿಂತಿದ್ದ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಮುಂದಿನ ಮೇ ತಿಂಗಳಲ್ಲಿ ನಿವೃತ್ತಿ. ಅಂಗಿಯ ಗುಂಡಿಯನ್ನು ಕೊರಳವರೆಗೂ ಹಾಕಿಕೊಳ್ಳುವ, ಅಳತೆ ಮೀರಿ ಮಾತಾಡದ ಮನುಷ್ಯ. ಪ್ರತಿ ಭಾನುವಾರ ಗುಲಶನರ ಮನೆಗೆ ಬಂದು ಫಲಕಗಳ ಧೂಳು ಒರೆಸಿ, ಒಂದೊಂದನ್ನೇ ಸ್ಕ್ಯಾನ್ ಮಾಡಿಕೊಡುತ್ತಿದ್ದವನು ಅವನೇ. ಎರಡನೇ ಪಂಚ ಓಣಿಯ ಕೊನೆಯ ಕಿರಾಣಿ ಅಂಗಡಿಯವನು.

ಬೀಗ ಒಡೆದಿರಲಿಲ್ಲ. ಹಿತ್ತಲ ಬಾಗಿಲಿನ ಕೀಲಿ ನೀರಿನ ಮೀಟರಿನ ಡಬ್ಬಿಯೊಳಗೆ ಇರುವುದು ವಾಡಿಕೆ. ಕೆಲಸದ ಭರಮವ್ವ ಕಾಕತಿಯಿಂದ ಬಂದು ಅದನ್ನೇ ತೆಗೆದು ಒಳಗೆ ಹೋಗುತ್ತಿದ್ದಳು. ಈಗಲೂ ಅದು ಅಲ್ಲೇ ಇತ್ತು. ಕೋಣೆಯಲ್ಲಿ ಮೇಜು, ದೀಪ, ಹಿತ್ತಾಳೆಯ ಲೆನ್ಸಿನ ಹಳೆಯ ಕ್ಯಾಮೆರಾ ಎಲ್ಲ ಸುರಕ್ಷಿತ. ಕಪಾಟಿನ ಕೆಳಗಿನ ಖಾನೆಯಲ್ಲಿ ಮಾತ್ರ ಪೆಟ್ಟಿಗೆ ಇದ್ದ ಜಾಗ ಚೌಕಾಕಾರದಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು.

"ಇವು ನಿಮ್ಮ ಹಂತ್ಯಾಕ ಹೆಂಗ ಬಂದ್ವು?" ಮಾಲಾ ಕೇಳಿದಳು.

ಗುಲಶನ ಹೇಳಿದರು. ಅವರ ಮುತ್ತಜ್ಜ ಸನಾಉಲ್ಲಾ ನೂರಿಪ್ಪತ್ತು ವರ್ಷಗಳ ಹಿಂದೆ ಬೆಳಗಾವಿಯ ಕ್ಯಾಂಪಿನಿಂದ ದಂಡಿನ ಜೊತೆ ಹಾಂಗ್‌ಕಾಂಗ್‌ಗೆ ಹೋದವರು. ದಂಡಿನ ಕೆಲಸ ಬಿಟ್ಟು ಅಲ್ಲಿನ ಬಂದರಿನ ಹತ್ತಿರ ಒಂದು ಫೋಟೊ ಸ್ಟುಡಿಯೊ ಸೇರಿದರು. ಅಮೆರಿಕಕ್ಕೆ ಹೋಗುವ ಹಡಗು ಹತ್ತಬೇಕಾದ ಚೀನೀಯರು ಅಲ್ಲಿ ಸಾಲುಗಟ್ಟಿ ಕೂರುತ್ತಿದ್ದರು.

"1882ರಾಗ ಅಮೆರಿಕಾದವರು ಒಂದು ಕಾಯದೆ ಮಾಡಿದರು. ಚೀನಾದ ಕೂಲಿ ಮಂದಿ ನಮ್ಮ ದೇಶಕ್ಕ ಬರೂದು ಬ್ಯಾಡ ಅಂತ. ಅರವತ್ತು ವರ್ಷ ನಡೀತು ಅದು. ವ್ಯಾಪಾರಸ್ಥರು, ಕಲಿಯಾಕ ಹೋಗುವವರು, ಅಲ್ಲಿಯ ನಾಗರಿಕರ ಮಕ್ಕಳು, ಇಂಥವರನ್ನಷ್ಟ ಬಿಡತಿದ್ದರು. ಅದಕ್ಕೂ ಕಾಗದ ಬೇಕು, ಕಾಗದಕ್ಕ ಫೋಟೊ ಬೇಕು. ಕಿವಿ ಎರಡೂ ಕಾಣೂಹಂಗ ಕೂಡಸ್ತಿದ್ದರು."

"ಅಷ್ಟ್ಯಾಕ?"

"ಮಾರಿ ಬದಲಾಗತೈತಿ, ಕೂದಲ ಉದರತಾವ. ಕಿವಿಯ ಆಕಾರ ಹಂಗ ಉಳೀತೈತಿ. ದಾಟಿ ಹೋದ ಮ್ಯಾಲ ಅಲ್ಲಿಯ ಅಧಿಕಾರಿಗಳು ಫೋಟೊ ಹಿಡಕೊಂಡು ಮನಷಾನ್ನ ಪರೀಕ್ಷಾ ಮಾಡತಿದ್ದರು. ನಿಮ್ಮ ಊರಾಗ ಬಾವಿ ಯಾವ ದಿಕ್ಕಿನ್ಯಾಗ ಐತಿ, ನಿಮ್ಮ ಬಾಜು ಮನಿಯಾಗ ಯಾರಿದ್ದಾರ, ನಿಮ್ಮಜ್ಜಿಯ ಪಾದ ಸಣ್ಣವಿರಲಿ ಅಂತ ಬಿಗದು ಕಟ್ಟಿದ್ದರೋ ಇಲ್ಲೋ. ಒಂದು ತಪ್ಪಿದರ ಹಿಂದಕ ಹಡಗು ಹತ್ತಸ್ತಿದ್ದರು. ವಾರಗಟ್ಟಲೆ, ತಿಂಗಳಗಟ್ಟಲೆ ಕೂಡಿ ಹಾಕ್ತಿದ್ದರು."

ಸ್ಟುಡಿಯೊ ಮುಚ್ಚಿದಾಗ ಸನಾಉಲ್ಲಾ ಎಸೆಯಲು ಇಟ್ಟಿದ್ದ ಫಲಕಗಳನ್ನು ಕೇಳಿ ಪಡೆದು, ಹಾಸಿಗೆಯೊಳಗೆ ಸುತ್ತಿ ಊರಿಗೆ ತಂದಿದ್ದರು. ಏಕೆ ತಂದರೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗುಲಶನ ನಿವೃತ್ತರಾದ ಮೇಲೆ ಆ ಪೆಟ್ಟಿಗೆ ತೆರೆದರು. ಪ್ರತಿ ಫಲಕದ ಮೂಲೆಯಲ್ಲಿ ಗೀಚಿದ್ದ ಹಡಗಿನ ಹೆಸರು, ತಾರೀಖು ನೋಡಿ, ಅಮೆರಿಕದ ಪತ್ರಾಗಾರ ಅಂತರ್ಜಾಲದಲ್ಲಿಟ್ಟ ಪ್ರಯಾಣಿಕರ ಕಡತಗಳನ್ನು ಹುಡುಕಿ, ಮುಖಕ್ಕೆ ಮುಖ ಹೊಂದಿಸತೊಡಗಿದರು. ಚೀನೀ ಅಕ್ಷರ ಓದಲು ಕಲಿತರು. ಆ ಮನುಷ್ಯ ಯಾವ ಹಳ್ಳಿಯವನು, ಯಾವ ಹಡಗಿನಲ್ಲಿ ಹೋದ, ಲಾಂಡ್ರಿಯಲ್ಲಿ ಬಟ್ಟೆ ಒಗೆದನೋ ಹಿಂದಕ್ಕೆ ಬಂದನೋ ಎಂದು ಒಬ್ಬೊಬ್ಬನದನ್ನೂ ದಾಖಲಿಸುತ್ತ ಬಂದರು. ಯಾರೂ ಕೇಳಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ಮಾಲಾ ಆ ಹೆಂಗಸಿನ ದಪ್ಪ ಕನ್ನಡಕವನ್ನೂ ಮೇಜಿನ ಮೇಲೆ ಸವೆದು ನುಣುಪಾಗಿದ್ದ ಜಾಗವನ್ನೂ ನೋಡಿದಳು. ಪೊಲೀಸ್ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದ ಅವಳಿಗೆ, ಸತ್ತವರ ಗುರುತು ಹಿಡಿಯುವುದು ಎಷ್ಟು ಕಷ್ಟವೆಂದು ಚೆನ್ನಾಗಿ ಗೊತ್ತಿತ್ತು.

"ಎಲ್ಲಾ ಸ್ಕ್ಯಾನ್ ಆಗಿದ್ದವೇನ್ರಿ?"

"ಅರ್ಧ ಆಗಿದ್ವು. ಅವೂ ಹಾರ್ಡ್ ಡಿಸ್ಕಿನ್ಯಾಗ ಇದ್ವು. ಬ್ಯಾರೆ ಕಡೆ ಇಡಬೇಕಾಗಿತ್ತು, ಇಡಲಿಲ್ಲ."

ಪಂಚನಾಮೆ ಓದಿ ಹೇಳಿ ಸಹಿ ಪಡೆಯುವಾಗ ಬಾಳಾಸಾಹೇಬ ಕಣ್ಣು ಒರೆಸಿಕೊಂಡ. "ಸಿಗತಾವ ಆಪಾ. ನೀವು ಊಟಾ ಮಾಡ್ರಿ ಮೊದಲ" ಎಂದ. ಗುಲಶನರನ್ನು ಅವನು ಅಕ್ಕನೆಂದು ಭಾವಿಸಿ ಆಪಾ ಎಂದೇ ಕರೆಯುತ್ತಿದ್ದ.

ಮೊದಲ ಸಂಶಯ ಭರಮವ್ವನ ಮೇಲೆ ಹೋಯಿತು. ಗುರುಸಿದ್ದ ಕಾಕತಿಗೆ ಹೋಗಿ ಅವಳನ್ನು ಮಾತಾಡಿಸಿ ಬಂದ. ಶನಿವಾರ ಅವಳು ಮೊಮ್ಮಕ್ಕಳನ್ನು ಕರೆದುಕೊಂಡು ಮೆರವಣಿಗೆ ನೋಡಲು ಬಂದವಳು ಜನಜಂಗುಳಿಯಲ್ಲಿ ಸಿಕ್ಕು ಸಂಜೆಯವರೆಗೂ ಅಲ್ಲಿಂದ ಅಲುಗಾಡಿರಲಿಲ್ಲ. ಅವಳ ಜೊತೆಗಿದ್ದ ನಾಲ್ವರು ಅದನ್ನೇ ಹೇಳಿದರು.

ಎರಡನೆಯವನು ಖಡೇಬಜಾರಿನ ಹಳೇ ಸಾಮಾನಿನ ವ್ಯಾಪಾರಿ ಜುಲ್ಫಿಕಾರ. ಎರಡು ಸಲ ಗುಲಶನರ ಮನೆಗೆ ಬಂದು ಪೆಟ್ಟಿಗೆ ಕೊಳ್ಳಲು ಕೇಳಿದ್ದ. ಮಂಗಳವಾರ ಮಾಲಾ ಅವನ ಅಂಗಡಿಗೆ ಹೋದಳು.

"ಶನಿವಾರ ಎಲ್ಲಿದ್ದಿ?"

"ಅಂಗಡ್ಯಾಗ ಮೇಡಂ. ಮೆರವಣಿಗಿ ಮುಂದ ಶಟರ್ ಇಳಿಸಿಕೊಂಡು ಒಳಗ ಕುಂತಿದ್ದೆ. ಬಾಜೂ ಅಂಗಡಿಯವರನ್ನ ಕೇಳ್ರಿ."

"ಆ ಫೋಟೊ ಮ್ಯಾಲ ನಿನ್ನ ಕಣ್ಣಿತ್ತು."

"ಇತ್ತು, ಖರೇ. ಆದರ ನಾನು ಕದ್ದಿದ್ದರ ಆ ಹಿತ್ತಾಳಿ ಕ್ಯಾಮೆರಾ ಬಿಟ್ಟು ಬರತಿದ್ನೇನ್ರಿ? ಫಲಕಕಿಂತ ಅದಕ್ಕ ಗಿರಾಕಿ ಜಾಸ್ತಿ." ಜುಲ್ಫಿಕಾರ ಸ್ವಲ್ಪ ಯೋಚಿಸಿ ಮುಂದುವರಿಸಿದ, "ಮತ್ತ ಹಾರ್ಡ್ ಡಿಸ್ಕ್ ಒಯ್ದಾನಂತ. ಮಾರೂ ಮನಷಾಗ ಅದ್ಯಾಕ ಬೇಕು?"

ಅಂಗಡಿಯಿಂದ ಇಳಿದು ಜೀಪು ಹತ್ತುವಾಗ ಆ ಪ್ರಶ್ನೆ ಮಾಲಾಳನ್ನು ಬಿಡಲಿಲ್ಲ. ಕಳ್ಳನಿಗೆ ಫೋಟೊ ಬೇಕಾಗಿರಲಿಲ್ಲ. ಆ ಫೋಟೊಗಳು ಯಾರಿಗೂ ಕಾಣಬಾರದು ಎಂಬುದಷ್ಟೇ ಅವನಿಗೆ ಬೇಕಾಗಿತ್ತು.

ಓಣಿಯ ಮೂಲೆಮನೆಯ ಕ್ಯಾಮೆರಾದಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆಯ ನಂತರದ ಒಂದು ದೃಶ್ಯ ಸಿಕ್ಕಿತು. ಹೆಲ್ಮೆಟ್ ಹಾಕಿದ ಒಬ್ಬ, ಬೈಕಿನ ಹಿಂದಿನ ಸೀಟಿಗೆ ಕಂಬಳಿ ಸುತ್ತಿದ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದ. ನಂಬರ್ ಕಾಣುತ್ತಿರಲಿಲ್ಲ. ಗುರುಸಿದ್ದ ಅದನ್ನು ಎರಡು ಸಲ ಓಡಿಸಿ ಕೈಬಿಡಬೇಕೆಂದಿದ್ದ. ಮಾಲಾ ತಡೆದಳು.

"ಹಂಪಿನ ಹಂತ್ಯಾಕ ನೋಡು."

ರಸ್ತೆಯ ಹಂಪ್ ಬಂದಾಗ ಆ ಮನುಷ್ಯ ಗಾಡಿಯಿಂದ ಇಳಿದ. ಒಂದು ಕೈಯಿಂದ ಪೆಟ್ಟಿಗೆ ಹಿಡಿದುಕೊಂಡು, ಮಲಗಿದ ಕೂಸನ್ನು ಎತ್ತಿಕೊಂಡವನ ಹಾಗೆ ಮೆಲ್ಲಗೆ ತಳ್ಳುತ್ತ ದಾಟಿಸಿ, ಮತ್ತೆ ಹತ್ತಿದ. ಮುಂದಿನ ಹಂಪಿನಲ್ಲೂ ಹಾಗೆಯೇ ಮಾಡಿದ.

"ಒಳಗ ಗಾಜು ಐತಿ ಅಂತ ಗೊತ್ತಿದ್ದವ" ಎಂದ ಗುರುಸಿದ್ದ.

"ಗಾಜು ಅಂತಷ್ಟ ಅಲ್ಲ. ಒಡೀಬಾರದು ಅಂತ ಕಾಳಜಿ ಇದ್ದವ."

ಬುಧವಾರ ಬೆಳಿಗ್ಗೆ ಅವಳು ಒಬ್ಬಳೇ ಗುಲಶನರ ಮನೆಗೆ ಹೋದಳು. ಅವರು ಚಹಾ ಮಾಡಿಕೊಟ್ಟರು. ಮಾಲಾ ನೇರವಾಗಿ ಕೇಳಿದಳು. "ಈ ಫೋಟೊ ಹೊರಗ ಬಂದರ ಯಾರಿಗರೆ ತ್ರಾಸು ಆಗತಿತ್ತೇನ್ರಿ?"

"ಸತ್ತು ಅರವತ್ತು ಎಪ್ಪತ್ತು ವರ್ಷ ಆದವರು ಅವರೆಲ್ಲ. ಯಾರಿಗೆ ತ್ರಾಸು?"

"ಮುಂದ ಏನು ಮಾಡೋರಿದ್ರಿ ನೀವು?"

ಹದಿನಾರನೇ ತಾರೀಖು ಅಂತರ್ಜಾಲದಲ್ಲಿ ಒಂದು ಉಪನ್ಯಾಸವಿತ್ತು. ಅಮೆರಿಕದಲ್ಲಿರುವ ಆ ಪ್ರಯಾಣಿಕರ ಮಕ್ಕಳು, ಮೊಮ್ಮಕ್ಕಳು ಕೇಳುವವರಿದ್ದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪವಾಗಿ ಬೆಂಕಿ ಬಿದ್ದು ಊರಿನ ಜನನ ದಾಖಲೆಗಳೆಲ್ಲ ಸುಟ್ಟವು. ಆಮೇಲೆ ಎಷ್ಟೋ ಚೀನೀಯರು ತಾವು ಅಲ್ಲೇ ಹುಟ್ಟಿದವರೆಂದು ಹೇಳಿ ನಾಗರಿಕರಾದರು. ಚೀನಾದ ತಮ್ಮ ಊರಲ್ಲಿ ಇಲ್ಲದ ಮಕ್ಕಳನ್ನು ಇದ್ದಾರೆಂದು ಬರೆಸಿದರು. ಆ ಹೆಸರುಗಳನ್ನು ಪಡೆದು ಬೇರೆ ಹುಡುಗರು ಹಡಗು ಹತ್ತಿದರು. ಕಾಗದದ ಮಕ್ಕಳು ಎನ್ನುತ್ತಿದ್ದರು ಅವರನ್ನು. ಜೀವನವಿಡೀ ಇನ್ನೊಬ್ಬನ ಹೆಸರಲ್ಲಿ ದುಡಿದು, ಮದುವೆಯಾಗಿ, ಮಕ್ಕಳಿಗೂ ಅದೇ ಹೆಸರು ಕೊಟ್ಟು ಹೋದವರು.

"ಅಂಥವರು ಈ ಪೆಟಗ್ಯಾಗ ಹನ್ನೊಂದು ಮಂದಿ ಇದ್ದಾರ. ಚೀನಾದ ಹಳ್ಳಿಯೊಳಗಿನ ಹಳೇ ಫೋಟೊ, ಇಲ್ಲಿ ಫಲಕ, ಅಲ್ಲಿಯ ಕಡತ, ಮೂರೂ ಕೂಡಿಸಿ ಕಿವಿ ಹೊಂದಿಸಿ ಖರೇ ಹೆಸರು ಕಂಡುಹಿಡದೇನಿ. ಒಬ್ಬಾಕಿ ಮುದುಕಿ, ಎಂಬತ್ತೆಂಟು ವರ್ಷದಾಕಿ, ಆಕಿಯ ಅಪ್ಪ ಅದರಾಗ ಇದ್ದಾನ. ಹದಿನೆಂಟು ವರ್ಷದ ಹುಡುಗ. ಅಪ್ಪನ ಹುಡುಗತನದ ಒಂದು ಫೋಟೊನೂ ನೋಡಿಲ್ಲ ಆಕಿ. ನಾ ಸಾಯೂದ್ರಾಗ ತೋರಸ್ರಿ ಅಂದಾಳ." ಗುಲಶನ ಚಹಾದ ಕಪ್ಪನ್ನು ಕೆಳಗಿಟ್ಟರು. "ಹನ್ನೊಂದೂ ಹೆಸರು ಅವತ್ತ ಹೇಳೂದಿತ್ತು."

"ಹೇಳಬ್ಯಾಡ್ರಿ ಅಂತ ಯಾರರೆ ಅಂದಿದ್ದರೇನು?"

"ಯಾರೂ ಇಲ್ಲ." ಸ್ವಲ್ಪ ತಡೆದು ನಕ್ಕರು. "ಬಾಳಾಸಾಹೇಬಷ್ಟ ಅಂದಿದ್ದ. ಅವರು ಸಾಯೂತನ ಮುಚ್ಚಿಟ್ಟಿದ್ದನ್ನ ನಾವ್ಯಾಕ ಬಿಚ್ಚಬೇಕು ಆಪಾ, ಅಂತ. ಇತಿಹಾಸಕ್ಕ ಮುಚ್ಚುಮರಿ ಇಲ್ಲಪಾ ಅಂದೆ. ಸುಮ್ಮನಾದ. ಮೆತ್ತನ್ನ ಮನಸು ಅವನದು. ಕಣ್ಣೂ ಚೊಲೊ ಅದಾವ, ನಾನು ಕಲಿಸಿದ ಮ್ಯಾಲ ಕಿವಿ ಹೊಂದಸಾಕೂ ಕಲತಾನ."

"ನೀವು ಕಲಿಸಿದ್ದು ಹೆಂಗ?"

"ಮನಿ ಫೋಟೊ ಇಟ್ಟಕೊಂಡು. ಅವನ ಮಗಳು ಸಮೃದ್ಧಿಯ ನಿಶ್ಚಿತಾರ್ಥಕ್ಕ ಹೋಗಿದ್ದೆ, ಸೆಪ್ಟೆಂಬರಿನ್ಯಾಗ. ಅವರ ಗ್ವಾಡಿ ಮ್ಯಾಲ ಸಾಲಿಯ ಖೊ-ಖೊ ತಂಡದ ಫೋಟೊ ಐತಿ. ಕೆಳಗ ಹೆಸರು ಬರದಾರ. ಬಾಳಾಸಾಹೇಬ ಅಂತ ಬರದಲ್ಲಿ ಬ್ಯಾರೆ ಹುಡುಗ ನಿಂತಾನ, ಅವನ ಬಾಜೂಕ ಸಾತಪ್ಪ ಅಂತ ಬರದಲ್ಲಿ ಇವ ಅದಾನ. ಕಿವಿ ನೋಡಿ ಹೇಳಿದೆ. ಹೆಸರು ಅದಲಬದಲ ಆಗ್ಯಾವ, ಬರದವರ ತಪ್ಪು ಅಂದ. ಎಲ್ಲಾರೂ ನಕ್ಕರು."

ಮಾಲಾ ನಗಲಿಲ್ಲ. ಆ ಫೋಟೊದ ಮುಂದೆ ಎಲ್ಲರೂ ನಗುತ್ತಿದ್ದಾಗ ಬಾಳಾಸಾಹೇಬನ ಮುಖ ಹೇಗಿದ್ದಿರಬಹುದೆಂದು ಯೋಚಿಸುತ್ತ ಚಹಾ ಮುಗಿಸಿದಳು.

ಸೋಮವಾರದ ಹೇಳಿಕೆಯಲ್ಲಿ ಅವನು ಶನಿವಾರ ಪೂರ್ತಿ ಚನ್ನಮ್ಮ ವೃತ್ತದಲ್ಲಿ ಮೆರವಣಿಗೆ ನೋಡುತ್ತಿದ್ದೆ ಎಂದಿದ್ದ. ಬುಧವಾರ ಸಂಜೆ ಬಂದ ಮೊಬೈಲ್ ಕರೆ ವಿವರ ಬೇರೆಯದೇ ಹೇಳಿತು. ಶನಿವಾರ ನಾಲ್ಕರ ಹೊತ್ತಿಗೆ ಅವನ ಫೋನ್ ಖಾನಾಪುರದಾಚೆಯ ಒಂದು ಟವರಿನಲ್ಲಿತ್ತು. ಮಲಪ್ರಭೆಯ ದಂಡೆಯಲ್ಲಿರುವ ಅವನ ಹುಟ್ಟೂರು ಅದೇ ಟವರಿನ ಕೆಳಗೆ ಬರುತ್ತಿತ್ತು.

"ಪಂಚನಾಮೆಗೆ ಸಹಿ ಮಾಡಿದಾವ ಮೇಡಂ" ಎಂದ ಗುರುಸಿದ್ದ, ತಲೆ ಮೇಲೆ ಕೈಯಿಟ್ಟು.

"ಹೌದು. ಕೋರ್ಟಿನ್ಯಾಗ ಅದನ್ನೂ ಹೇಳಬೇಕಾಗತೈತಿ. ಹೇಳೂಣು."

ಗುರುವಾರ, ನವೆಂಬರ್ 6. ಖಾನಾಪುರ ದಾಟಿ ಒಳರಸ್ತೆಗೆ ಇಳಿದಾಗ ಎರಡೂ ಕಡೆ ಭತ್ತದ ಕೊಯ್ಲು ನಡೆದಿತ್ತು. ಊರ ಬಾಗಿಲಲ್ಲಿ ಗುರುಸಿದ್ದ ಮರಾಠಿಯಲ್ಲಿ ವಿಳಾಸ ಕೇಳಿದ. ಕಟ್ಟೆಯ ಮೇಲಿದ್ದವರು ಕನ್ನಡದಲ್ಲಿ ಹೇಳಿದರು. ಬೆಳಗಾವಿಯ ಬಾಳಾಸಾಹೇಬನ ಮನೆ ಎಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿ, ಹೆಚ್ಚು ಮಾತಾಡದೆ ಕೈ ತೋರಿಸಿದರು.

ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ಸಿದ್ದಕ್ಕ, ಬಾಳಾಸಾಹೇಬನ ಅಕ್ಕ, ಮನೆಗೆ ಹಿರಿಯಳು. ಖಾಕಿ ಕಂಡು ಎದ್ದು ನಿಂತಳು.

"ಬಾಳಾಸಾಹೇಬ ನಿಮ್ಮ ತಮ್ಮ ಅಲ್ಲೇನ್ರಿ ಅಕ್ಕಾರ?" ಮಾಲಾ ಕೇಳಿದಳು.

"ಬಾಳಾ ಸತ್ತು ಭಾಳ ವರ್ಷ ಆತವ್ವಾ. ಜ್ವರ ಬಂದು ಹೋದ."

"ಮತ್ತ ಶನಿವಾರ ಬಂದಾವರು ಯಾರು?"

"ಅಂವ ನಮ್ಮ ಸಾತಪ್ಪ..." ಸಿದ್ದಕ್ಕ ಮಾತು ನಿಲ್ಲಿಸಿದಳು. ಕೈಯಲ್ಲಿದ್ದ ಮೊರ ಓರೆಯಾಗಿ ಅಕ್ಕಿ ಅಂಗಳದ ಮೇಲೆ ಸುರಿಯಿತು. ತನ್ನ ಬಾಯಿಂದ ಏನು ಬಿತ್ತೆಂದು ಅವಳಿಗೆ ಆಗ ಗೊತ್ತಾಗಿತ್ತು. ಇಡೀ ಊರಿಗೆ ತಿಳಿದಿದ್ದ, ಊರಿನ ಹೊರಗೆ ಯಾರೂ ಆಡದ ಮಾತು ಅದು.

ಮಾಲಾ ಅವಳನ್ನು ಗದರಿಸಲಿಲ್ಲ. ಪಕ್ಕದಲ್ಲಿ ಕುಳಿತು, ಬಿದ್ದ ಅಕ್ಕಿಯನ್ನು ಅವಳ ಜೊತೆ ಮೊರಕ್ಕೆ ತುಂಬಿದಳು. "ಪೆಟಗಿ ಎಲ್ಲಿಟ್ಟಾನ್ರಿ?" ಎಂದು ಮೆಲ್ಲಗೆ ಕೇಳಿದಳು. ಸಿದ್ದಕ್ಕ ಹಿತ್ತಲಿನ ಹುಲ್ಲಿನ ಬಣವೆಯ ಕಡೆ ನೋಡಿದಳು, ಅಷ್ಟೇ.

ಊರಿನ ಇಬ್ಬರು ಪಂಚರ ಮುಂದೆ, ಮೊಬೈಲಿನಲ್ಲಿ ವಿಡಿಯೊ ಚಿತ್ರೀಕರಣ ಮಾಡುತ್ತ ಜಪ್ತಿ ಪಂಚನಾಮೆ ನಡೆಯಿತು. ಬಣವೆಯ ಒಣ ಮಗ್ಗುಲಲ್ಲಿ, ಒಳಗೆ ಒಂದು ಗೂಡಿನ ಹಾಗೆ ಮಾಡಿ ಪೆಟ್ಟಿಗೆ ಇಟ್ಟಿದ್ದ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಂಬಳಿ. ಒಳಗೆ ಫಲಕಗಳನ್ನು ಒಂದರ ಮೇಲೊಂದು ಒರಗಿಸದೆ ನೆಟ್ಟಗೆ ನಿಲ್ಲಿಸಿ, ಪ್ರತಿಯೊಂದರ ನಡುವೆ ತೊಳೆದು ಮೆತ್ತಗಾದ ಹಳೇ ಧೋತರದ ತುಂಡು ಇಟ್ಟಿದ್ದ. ಹಾರ್ಡ್ ಡಿಸ್ಕ್ ಒಂದು ಮೂಲೆಯಲ್ಲಿತ್ತು. ಒಂದು ಫಲಕಕ್ಕೂ ಗೀರು ಬಿದ್ದಿರಲಿಲ್ಲ.

ಮಾಲಾ ಕೈಗವಸು ಹಾಕಿಕೊಂಡು ಒಂದನ್ನು ಎತ್ತಿ ಆಕಾಶಕ್ಕೆ ಹಿಡಿದಳು. ನೆಗೆಟಿವ್ ಆದ್ದರಿಂದ ಮುಖ ಕಪ್ಪು, ಕೂದಲು ಬಿಳಿ. ಮೊಬೈಲಿನಲ್ಲಿ ತೆಗೆದು ಬಣ್ಣ ತಿರುಗಿಸಿದಾಗ ಒಬ್ಬ ಹುಡುಗ ಎದ್ದು ಬಂದ. ಎರವಲು ತಂದ ಕೋಟಿನ ತೋಳು ಬೆರಳಿನವರೆಗೆ ಇಳಿದಿತ್ತು. ಮುಖದಲ್ಲಿ ನಗು ಇರಲಿಲ್ಲ, ಅಳುವೂ ಇರಲಿಲ್ಲ. ಯಾರೋ ಏನೋ ಕೇಳಲಿದ್ದಾರೆ, ತಾನು ತಪ್ಪದೆ ಉತ್ತರ ಹೇಳಬೇಕು ಎಂಬಂತೆ ತುಟಿ ಬಿಗಿಹಿಡಿದಿದ್ದ. ಎರಡನೇದರಲ್ಲಿ ಗಡ್ಡದ ಮುದುಕ. ಮೂರನೇದರಲ್ಲಿ ಮಡಿಲಲ್ಲಿ ಮಗುವಿದ್ದ ಹೆಂಗಸು. ಗುರುಸಿದ್ದನೂ ಪಂಚರೂ ಬಗ್ಗಿ ನೋಡಿದರು. ಸಮುದ್ರ ನೋಡದ ಆ ಇಬ್ಬರು ರೈತರು ಮೂರೂ ಮುಖಗಳನ್ನು ಇನ್ನೊಮ್ಮೆ ತೋರಿಸಲು ಕೇಳಿದರು.

"ಇವರು ಮುಟ್ಟಿದರೇನ್ರಿ ಆ ದೇಶಕ್ಕ?" ಎಂದು ಒಬ್ಬ ಕೇಳಿದ.

"ಹೇಳಾಕ ಒಬ್ಬರಿಗಷ್ಟ ಬರತೈತಿ" ಎಂದಳು ಮಾಲಾ. ಗುಲಶನರ ಬಗ್ಗೆ ಅವಳಿಗಿದ್ದ ಗೌರವ ಆ ಅಂಗಳದಲ್ಲಿ ಇನ್ನಷ್ಟು ಹೆಚ್ಚಿತು. ಹೆಸರಿಲ್ಲದ ಇಂಥ ಮುಖದ ಎದುರು ವರ್ಷಗಟ್ಟಲೆ ಕೂತು, ನೀನು ಯಾರಪ್ಪಾ ಎಂದು ಕೇಳುತ್ತ ಹೋದ ಆ ಹೆಂಗಸಿನ ಸಹನೆ ಪೊಲೀಸರಿಗೂ ಸುಲಭವಲ್ಲ.

ಬೆಳಗಾವಿಗೆ ಮರಳುವಾಗ ಮಧ್ಯಾಹ್ನ ಮೂರು ದಾಟಿತ್ತು. ಬಾಳಾಸಾಹೇಬ ಕಚೇರಿಗೆ ರಜೆ ಹಾಕಿ ಗುಲಶನರ ಮನೆಯಲ್ಲೇ ಇದ್ದ. ಅವರ ಕಂಪ್ಯೂಟರಿನಲ್ಲಿ ಎಲ್ಲಾದರೂ ಒಂದೆರಡು ಚಿತ್ರ ಉಳಿದಿರಬಹುದೇ ಎಂದು ಇಬ್ಬರೂ ಹುಡುಕುತ್ತಿದ್ದರು. ಗುರುಸಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟ. ಗುಲಶನ ಅದರ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿದರು. ಬಾಳಾಸಾಹೇಬ ಎದ್ದು ನಿಂತ.

"ಶನಿವಾರ ಎಲ್ಲಿದ್ರಿ?" ಮಾಲಾ ಕೇಳಿದಳು.

"ಊರಾಗ."

"ಕೀಲಿ?"

"ಮೀಟರಿನ ಡಬ್ಬ್ಯಾಗಿಂದು."

"ಹೊಳಿಗೆ ಒಗೀಬೇಕಂತಿದ್ರೇನು?"

"ಹೊಳಿ ದಂಡಿತನ ಹೋಗಿದ್ದೆ ಮೇಡಂ. ಪೆಟಗಿ ತೆಗದೆ. ಒಬ್ಬೊಬ್ಬರನ್ನೂ ನನ್ನ ಕೈಲೆ ಒರಸೇನಿ, ಎಲ್ಲಾರ ಮಾರಿ ಗೊತ್ತಾದಾವ. ಒಗ್ಯಾಕ ಆಗಲಿಲ್ಲ."

ಗುಲಶನ ಕಣ್ಣು ತೆರೆದರು. "ನನಗ ಒಂದು ಮಾತು ಹೇಳಬೇಕಾಗಿತ್ತಪಾ ನೀನು."

"ಹೇಳಿದ್ದೆ ಆಪಾ. ನೀವು ಇತಿಹಾಸ ಅಂದ್ರಿ."

ಗುಲಶನ ಪೆಟ್ಟಿಗೆಯ ಮೇಲಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. ಆ ಮಾತು ಅವರಿಗೆ ನಾಟಿತೆಂಬುದು ಮಾಲಾಗೆ ಕಾಣಿಸಿತು.

ನಾಲ್ಕೂಕಾಲಿಗೆ ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಅಣ್ಣ ಬಾಳಾಸಾಹೇಬ ಎಸ್ಸೆಸ್ಸೆಲ್ಸಿ ಪಾಸಾಗಿ ನೌಕರಿಗೆ ಅರ್ಜಿ ಹಾಕಿದ್ದ. ಸಂದರ್ಶನದ ಕರೆ ಬರುವಷ್ಟರಲ್ಲಿ ತೀರಿಹೋಗಿದ್ದ. ಎರಡು ವರ್ಷ ಚಿಕ್ಕವನಾದ ಸಾತಪ್ಪ ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲಿದ್ದ. ಅಪ್ಪ ಅವನ ಕೈಗೆ ಅಣ್ಣನ ಕಾಗದಗಳನ್ನು ಕೊಟ್ಟು ಬಸ್ಸು ಹತ್ತಿಸಿದ. ಅಂದಿನಿಂದ ಅವನು ಬಾಳಾಸಾಹೇಬ. ಹೆಂಡತಿಗೆ ಮದುವೆಯಾದ ಮೇಲೆ ಹೇಳಿದ್ದ, ಮಗಳಿಗೆ ಹೇಳಿರಲಿಲ್ಲ. ಗುಲಶನ ಗೋಡೆಯ ಫೋಟೊದಲ್ಲಿ ಅವನ ಕಿವಿ ತೋರಿಸಿದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಸತ್ತವರ ಹೆಸರನ್ನೇ ಹೊರಗೆ ತರುವ ಈ ಹೆಂಗಸು ತನ್ನದನ್ನೂ ಒಂದು ದಿನ ತರುತ್ತಾಳೆ ಎಂದು ಅವನಿಗೆ ಖಾತ್ರಿಯಾಗಿತ್ತು. ಪೆಟ್ಟಿಗೆ ಹೋದರೆ ಆ ಹುಡುಕಾಟವೇ ನಿಲ್ಲುತ್ತದೆ ಎಂದುಕೊಂಡಿದ್ದ.

"ಆ ಫೋಟೊನ ಗ್ವಾಡಿಯಿಂದ ತಗದಿದ್ದರ ಆಗತಿತ್ತಲ್ಲ" ಎಂದ ಗುರುಸಿದ್ದ.

"ಅಣ್ಣನ ಫೋಟೊ ಅದೊಂದ ಐತ್ರಿ."

ದಸ್ತಗಿರಿ ಪತ್ರದಲ್ಲಿ ಆರೋಪಿಯ ಹೆಸರಿನ ಜಾಗಕ್ಕೆ ಬಂದಾಗ ಗುರುಸಿದ್ದನ ಪೆನ್ನು ನಿಂತಿತು. ಆರೋಪಿ ತಾನೇ ಹೇಳಿದ, "ಸಾತಪ್ಪ ಅಂತ ಬರೀರಿ."

ಮರುದಿನ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಅಣ್ಣನ ಹೆಸರಿನಲ್ಲಿ ನೌಕರಿ ಮಾಡಿದ ಸಂಗತಿಯನ್ನು ಮಾಲಾ ಪ್ರತ್ಯೇಕ ವರದಿಯಾಗಿ ಅವನ ಇಲಾಖೆಗೆ ಕಳಿಸಿದಳು. ಕೈ ಹಿಂದೆಗೆಯಿತು, ಆದರೂ ಕಳಿಸಿದಳು. ಫಲಕಗಳನ್ನು ನ್ಯಾಯಾಲಯ ಗುಲಶನರ ಮಧ್ಯಂತರ ಸುಪರ್ದಿಗೆ ಕೊಟ್ಟಿತು. ಅವರು ಹದಿನಾರನೇ ತಾರೀಖಿನ ಉಪನ್ಯಾಸ ಮುಂದಕ್ಕೆ ಹಾಕಿ, ಹನ್ನೊಂದು ಮನೆಗಳಿಗೂ ಮೊದಲು ಬರೆದು ಕೇಳಿದರು: ನಿಮ್ಮ ಹಿರಿಯರ ನಿಜವಾದ ಹೆಸರು ನನಗೆ ಗೊತ್ತಿದೆ, ನಿಮಗೆ ತಿಳಿಯಬೇಕೆ, ತಿಳಿದರೆ ಬೇರೆಯವರಿಗೂ ಹೇಳಬಹುದೆ? ಏಳು ಮನೆಯವರು ಹೇಳಿ ಎಂದರು. ಮೂವರು ಬೇಡವೆಂದರು. ಆ ಮೂರು ಫಲಕಗಳನ್ನು ಅವರು ಬೇರೆ ಸುತ್ತಿಟ್ಟರು. ಎಂಬತ್ತೆಂಟರ ಆ ಮುದುಕಿ ತನಗೆ ಮಾತ್ರ ಹೇಳಲು ಕೇಳಿದಳು. ಪರದೆಯ ಮೇಲೆ ಕೋಟಿನ ತೋಳು ಇಳಿಬಿದ್ದ ಹುಡುಗನನ್ನು ನೋಡಿ, ಅವನ ಹಳ್ಳಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡಳಂತೆ.

ಜಾಮೀನಿನ ಷರತ್ತಿನಂತೆ ಸಾತಪ್ಪ ವಾರಕ್ಕೊಮ್ಮೆ ಠಾಣೆಗೆ ಸಹಿ ಮಾಡಲು ಬರಬೇಕಾಗಿತ್ತು. ಡಿಸೆಂಬರಿನ ಮೊದಲ ಸೋಮವಾರ ಸಿದ್ದಕ್ಕನೂ ಜೊತೆಗೆ ಬಂದಿದ್ದಳು. ಅವನು ಒಳಗೆ ಸಹಿ ಮಾಡುತ್ತಿದ್ದಾಗ ಅವಳು ಮಾಲಾಳ ಹತ್ತಿರ ಬಂದು ನಿಂತಳು.

"ನೌಕರಿ ಹೋಗತೈತಿ ಅಂತ ಅಂಜಿ ಕದ್ದಾನಂತ ಎಲ್ಲಾರೂ ಅಂತಾರವ್ವಾ. ಅದಷ್ಟ ಅಲ್ಲ."

"ಮತ್ತೇನ್ರಿ ಅಕ್ಕಾರ?"

"ಬಾಳಾನ ಹೆಸರು ಅಳಸಿ ಹೋಗತೈತಿ ಅಂತ ಅಂಜಿದವ್ವಾ. ನೌಕರಿ ಆದೇಶ ಬಂದ ದಿವಸ ಟಪಾಲಿನಾಂವ ಬಾಗಲಾಗ ನಿಂತು ಬಾಳಾಸಾಹೇಬ ಅಂತ ಕೂಗಿದ. ಬಾಳಾ ಸತ್ತು ಆರು ತಿಂಗಳಾಗಿತ್ತು. ನಮ್ಮವ್ವ ಒಲಿ ಬಿಟ್ಟು ಓಡಿ ಬಂದ್ಲು. ಇಂವ ಮುಂದ ಹೋಗಿ, ನಾನ ಬಾಳಾಸಾಹೇಬ ಅಂದ. ಅವ್ವ ಅಳಲಿಲ್ಲ, ಸಿಟ್ಟಿಗೇಳಲಿಲ್ಲ. ಟಪಾಲಿನಾಂವಗ ಕೈ ಮುಗದು, ಇನ್ನೊಮ್ಮೆ ಕೂಗಪಾ ಅಂದ್ಲು."